ಒಂದು ಮೊಳ ಒಣ ನೆಲ

ನನ್ನ ಭಾವ ಓಟ್ಮಾರ್ ಬಾಯಿ ಸತ್ತ ಮನುಷ್ಯ. ಓಹಾಯೋ ನದಿ ದಂಡೆಯ ನಮ್ಮ ಊರಿನ ಬೇಸ್‌ಬಾಲ್ ಮೈದಾನ ಅವರ ಕೈಯಲ್ಲಿತ್ತು. ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಓಟಗಾರರು ಮುಟ್ಟಿ ಓಡುವ ಬೇಸ್‌ಗಳ ಸುತ್ತಲಿನ ಮಣ್ಣು ಹದ ಮಾಡುವುದು, ಇಷ್ಟೇ ಅವರ ಲೋಕ. ಅಕ್ಕ ಬಾಣಂತನದಲ್ಲೇ ತೀರಿಕೊಂಡಳು. ಮಗ ಫೆರ್ಡಿಯನ್ನು ಸಾಕಿದವಳು ನಾನು. ಹುಡುಗ ನಡೆಯಲು ಕಲಿತದ್ದೇ ಆ ಮಣ್ಣಿನಲ್ಲಿ.

ಭಾವನಿಗೊಂದು ಕಳ್ಳ ವಿದ್ಯೆ ಗೊತ್ತಿತ್ತು. ಎದುರಾಳಿ ತಂಡದಲ್ಲಿ ಜೋರು ಓಟಗಾರನಿದ್ದರೆ ಬೆಳಿಗ್ಗೆಯೇ ಮೊದಲ ಬೇಸ್‌ನ ಪಕ್ಕದ ಮಣ್ಣಿಗೆ ನೀರು ಕುಡಿಸಿ, ಮೇಲೆ ಒಣ ಧೂಳು ಉದುರಿಸುತ್ತಿದ್ದರು. ಎರಡನೇ ಬೇಸ್‌ಗೆ ಚೆಂಡೆಸೆಯುವವನ ಕಣ್ಣು ತಪ್ಪಿಸಿ ಕದ್ದು ಓಡುವವನ ಕಾಲು ಅಲ್ಲೇ ಹೂತುಕೊಳ್ಳಬೇಕು. ನಮ್ಮವರಿಗೆಂದು ಮಾತ್ರ ಆ ಒದ್ದೆ ಮಣ್ಣಿನ ಹಿಂಬದಿಯಲ್ಲಿ ಒಂದು ಮೊಳ ನೆಲವನ್ನು ಒಣಗಿಯೇ ಬಿಡುತ್ತಿದ್ದರು. ಎಲ್ಲ ಊರಲ್ಲೂ ನಡೆಯುತ್ತಿದ್ದದ್ದೇ ಬಿಡಿ, ಯಾರೂ ಪಾಪವೆನ್ನುತ್ತಿರಲಿಲ್ಲ.

೧೯೦೯ರ ಬೇಸಿಗೆಯಲ್ಲಿ ನಮ್ಮ ತಂಡದ ಮ್ಯಾನೇಜರ್ ಕ್ವಿಗ್ಲಿ, ನಮ್ಮಲ್ಲೇ ಆಡುತ್ತಿದ್ದ ಫೆರ್ಡಿಯನ್ನು ನದಿಯಾಚೆಯ ತಂಡಕ್ಕೆ ದನ ಮಾರಿದಂತೆ ಮಾರಿಬಿಟ್ಟ. ವರ್ಷದ ಕೊನೆಯ ಪಂದ್ಯ ಅದೇ ತಂಡದ ಮೇಲೆ ಬಿತ್ತು. ಗೆದ್ದವರಿಗೆ ಪತಾಕೆ. ಫೆರ್ಡಿಯ ಓಟ ನೋಡಲೆಂದೇ ದೊಡ್ಡ ಲೀಗ್‌ನಿಂದ ಒಬ್ಬಾತ ಬರುವವನಿದ್ದ. ಅವನು ಮೆಚ್ಚಿದರೆ ಹುಡುಗನ ಬದುಕು ಹಸನಾಗುತ್ತಿತ್ತು. ಇಲ್ಲವಾದರೆ ಮತ್ತೆ ಗಾಜಿನ ಕಾರ್ಖಾನೆಯ ಕುಲುಮೆ.

ಪಂದ್ಯದ ದಿನ ಬೆಳಿಗ್ಗೆ ಕ್ವಿಗ್ಲಿ ಮೈದಾನಕ್ಕೆ ಬಂದಾಗ ನಾನು ಮಾರಲು ಸಾಸೇಜ್ ಬೇಯಿಸುತ್ತ ಅಲ್ಲೇ ಇದ್ದೆ.

"ಓಟ್ಮಾರ್, ಚೆನ್ನಾಗಿ ನೀರು ಹಾಕು. ಆ ಒಣ ಜಾಗಕ್ಕೂ ಹಾಕು. ನಿನ್ ಮಗಂಗೆ ಅದು ಗೊತ್ತು."

"ಅವ್ನು ನನ್ ಮಗ, ಸಾಹೇಬ್ರೆ."

"ಸಂಬಳ ನನ್ ಹತ್ರ ತಗೊಳ್ತೀಯೋ, ಅವನ ಹತ್ರಾನೋ?"

ಅವನು ಅತ್ತ ಹೋದದ್ದೇ ತಡ, "ನಿಮಗೇನು ಬಂದಿದೆ ಭಾವ? ಹೆತ್ತ ಮಗನ ಬಾಯಿಗೆ ಮಣ್ಣು ಹಾಕ್ತೀರಾ?" ಎಂದು ಕೂಗಾಡಿದೆ. ಭಾವ ಬಕೆಟ್ ಹಿಡಿದು ನಡೆದರು. ಫೆರ್ಡಿಗಾದರೂ ಹೇಳೋಣವೆಂದು ಓಡಿದರೆ, ಕ್ವಿಗ್ಲಿಯ ಕಾವಲಿನವ ಆ ತಂಡದ ಕೋಣೆಯ ಬಾಗಿಲಲ್ಲೇ ತಡೆದ.

ಪಂದ್ಯ ಹಗ್ಗಜಗ್ಗಾಟವಾಯಿತು. ಅವರು ಎರಡು ರನ್ ಮುಂದೆ ಹೋದರು, ನಮ್ಮವರು ಸಮ ಮಾಡಿದರು, ಕೊನೆಗೆ ನಮ್ಮವರದೇ ಒಂದು ರನ್ ಮೇಲಾಯಿತು. ಇನ್ನೊಬ್ಬ ಔಟಾದರೆ ಆಟ ಮುಗಿಯಿತೆನ್ನುವಾಗ ಫೆರ್ಡಿ ಚೆಂಡು ಬಾರಿಸಿ ಮೊದಲ ಬೇಸ್ ಮುಟ್ಟಿದ. ಎರಡನೆಯದನ್ನೂ ಕದ್ದರೆ ಅವರ ತಂಡಕ್ಕೆ ಜೀವ ಬರುತ್ತಿತ್ತು. ದೊಡ್ಡ ಲೀಗ್‌ನವ ಬಾಗಿ ಕೂತು ನೋಡುತ್ತಿದ್ದ.

ಹುಡುಗ ಬೂಟಿನ ತುದಿಯಿಂದ ಮಣ್ಣು ಕೆದಕಿದ. ಒದ್ದೆ. ಅಪ್ಪ ನಿಂತಿದ್ದ ಕಡೆ ತಿರುಗಿ ನಕ್ಕ. ಆಮೇಲೆ ಹಿಂದಕ್ಕೆ ಸರಿದು, ಒಣಗಿರುತ್ತಿದ್ದ ಆ ಹಳೆಯ ಜಾಗದಲ್ಲಿ ಕಾಲೂರಿದ, ಅಲ್ಲಿ ಕೆದಕಿ ನೋಡಲೇ ಇಲ್ಲ.

"ಬೇಡ ಕಣೋ!" ಎಂದು ಕಿರುಚಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಿಸೀತು? ಚೆಂಡೆಸೆಯುವವ ಕೈಯೆತ್ತಿದ, ಫೆರ್ಡಿ ನೆಗೆದ, ಕಾಲು ಜಾರಿ ಮೊಣಕಾಲ ಮೇಲೆ ಬಿದ್ದ. ಎದ್ದು ಓಡುವಷ್ಟರಲ್ಲಿ ಚೆಂಡು ಎರಡನೇ ಬೇಸ್ ತಲುಪಿಯಾಗಿತ್ತು. ಔಟ್.

ಊರು ಕುಣಿಯಿತು. ದೊಡ್ಡ ಲೀಗ್‌ನವ ಟೋಪಿ ಹಾಕಿಕೊಂಡು ರೈಲಿಗೆ ಹೋದ. ಕ್ವಿಗ್ಲಿ ಭಾವನ ಜೇಬಿಗೆ ಒಂದು ಚುರುಟು ತುರುಕಿದ.

ಜನ ಕರಗಿದ ಮೇಲೆ ಫೆರ್ಡಿ ಬಂದ. ಮೊಣಕಾಲಿನ ಕೆಸರನ್ನೂ ಒರೆಸಿಕೊಂಡಿರಲಿಲ್ಲ.

"ನೀರು ಹಾಕಿದ್ಕೆ ನಂಗೆ ಬೇಜಾರಿಲ್ಲಪ್ಪ, ಅದು ನಿನ್ ಕೆಲ್ಸ," ಎಂದ. "ಹಿಂದ್ಗಡೆ ಮಾತ್ರ ನಾನು ಮುಟ್ಟಿ ನೋಡ್ಲಿಲ್ಲ. ನಂಗೋಸ್ಕರ ಬಿಟ್ಟಿರ್ತೀಯ ಅಂದ್ಕೊಂಡೆ."

ಹುಡುಗ ದೋಣಿಯ ಕಡೆ ನಡೆದ. ಭಾವ ಮಂಡಿಯೂರಿ, ಆ ಜಾರಿದ ಗುರುತಿನ ಮೇಲೆ ಬೊಗಸೆಯಲ್ಲಿ ಒಣ ಮಣ್ಣು ತಂದು ಹಾಕಿ ತಟ್ಟತೊಡಗಿದರು.

"ಈಗ ಯಾರಿಗೆ ಭಾವ?" ಎಂದೆ. ಅವರು ತಟ್ಟುತ್ತಲೇ ಇದ್ದರು.