ಎಂಟು ಸಲ ಬಳಿದ ದೋಣಿ

ಕರಾವಳಿಯಲ್ಲಿ ಹಡಗು ರಿಪೇರಿ ಮಾಡುವ ಕಡೆ ನಾನು ಬಹಳ ವರ್ಷ ದುಡಿದೆ. ಹಡಗಿನ ಒಡಲಿನ ತಗಡು ಎಷ್ಟು ಸವೆದಿದೆ ಎಂದು ಅಳೆಯುವುದೇ ನನ್ನ ಕೆಲಸ. ತುಕ್ಕು ತಗಡನ್ನು ಒಂದೇ ಸಮನೆ ತಿನ್ನುವುದಿಲ್ಲ. ನೀರು ನಿಲ್ಲುವ ಮೂಲೆಯಲ್ಲಿ, ವೆಲ್ಡಿಂಗ್ ಸಾಲಿನ ಪಕ್ಕದಲ್ಲಿ ಗುಳಿ ತೋಡುತ್ತದೆ. ಭಾರ ಬಿದ್ದ ದಿನ ಒಡಲು ಆ ಗುಳಿಯಿಂದಲೇ ಬಿರಿಯುತ್ತದೆ. ಹೊಸದರಲ್ಲಿ ನಾನೂ ಬಣ್ಣದ ಮೇಲೆಯೇ ಅಳತೆ ತೆಗೆದು, ಬಣ್ಣದ ದಪ್ಪವನ್ನೂ ಕಬ್ಬಿಣದ್ದೆಂದು ಬರೆದು ಉಗಿಸಿಕೊಂಡಿದ್ದೆ. ನಮ್ಮ ಅಕ್ಕನ ಗಂಡನಿಗೆ ಹಾಗೆ ಉಗಿಯುವವರು ಯಾರೂ ಇರಲಿಲ್ಲ.

ಹಾನಗಲ್ ಕಡೆ ವರದಾ ದಂಡೆಯ ಊರು ಅವರದು. ಹೊಲ ನದಿಯಾಚೆ. ಆಳುಗಳನ್ನು ದಾಟಿಸಲು ಒಂದು ಕಬ್ಬಿಣದ ದೋಣಿ. ವರ್ಷವರ್ಷ ದಸರೆಯ ಖಂಡೆ ಪೂಜೆ ಬಂತೆಂದರೆ ಟ್ರ್ಯಾಕ್ಟರ್, ಕುಡಗೋಲುಗಳ ಜೊತೆ ದೋಣಿಗೂ ಕುಂಕುಮ, ಹಾರ. ಅದಕ್ಕೂ ಮೊದಲು, ಹಳೆಯದನ್ನು ಕೆರೆದು ತೆಗೆಯದೆ, ಅದರ ಮೇಲೆಯೇ ಹಸಿರು ಬಣ್ಣ.

"ಎಂಟ ಕೋಟ್ ಕುಂತಾವು. ಇದಕ್ಕ ಏನ ಆಗತೈತಿ?" ಎಂದು, ಈ ಸಲ ಪೂಜೆಗೆ ಹೋಗಿದ್ದ ನನ್ನ ಮುಂದೆ ಅಕ್ಕನ ಗಂಡ ಮೀಸೆ ತಿರುವಿದ. ಬಣ್ಣ ದಪ್ಪವಾದಷ್ಟೂ ದೋಣಿ ಗಟ್ಟಿ ಎಂಬ ಆ ಜ್ಞಾನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮಾಮಾ, ಸುತ್ತಿಗೀಲೆ ಒಮ್ಮೆ ಬಡದ ನೋಡೂನ್ರಿ. ಒಳಗ ಜಂಗ ತಿಂದಿರತೈತಿ."

"ಪೂಜಿ ಆದ ದೋಣಿಗೆ ಸುತ್ತಿಗಿ? ನಿನ್ನ ಹಡಗಿನ ಶಾಣ್ಯಾತನ ಇಲ್ಲಿ ತೋರಸಬ್ಯಾಡ!"

ಮರುದಿನ ಬೆಳಿಗ್ಗೆ ಗೋವಿನಜೋಳದ ತೆನೆ ಮುರಿಯಲು ಹದಿನಾಲ್ಕು ಹೆಂಗಸರು ಬುತ್ತಿ ಹಿಡಿದು ದಂಡೆಗೆ ಬಂದರು. ಅವರ ಮುಂದೆ ಅಕ್ಕ. ಅವರು ಹತ್ತುವ ಮೊದಲು, ದಂಡೆಗೆ ಎಳೆದಿಟ್ಟಿದ್ದ ದೋಣಿಯೊಳಗೆ ನಾನೇ ಸುತ್ತಿಗೆ ಹಿಡಿದು ಇಳಿದೆ. ಮುಂಭಾಗದಲ್ಲಿ ಎರಡು ಏಟಿಗೆ ಟಣ್ ಎಂದಿತು. ಹಿಂಭಾಗದಲ್ಲಿ, ಮಳೆನೀರು ನಿಲ್ಲುವ ಕಡೆ, ದಪ್ ಎಂದು ಸುತ್ತಿಗೆಯ ಮೂತಿಯೇ ಒಳಗೆ ಹೋಯಿತು. ಬಣ್ಣದ ಸಿಪ್ಪೆ ಮುದುಡಿ, ಕೆಂಪು ಪುಡಿ ಉದುರಿ, ಕೆಳಗಿನ ಮರಳು ಕಂಡಿತು.

"ಚೊಲೋ ದೋಣಿ ಒಡದ ಇಟ್ಟ ನೋಡ್ರಿ!" ಎಂದು ದಂಡೆಯ ಮೇಲೆ ನಿಂತಿದ್ದ ಆತ ಊರಿಗೇ ಕೇಳುವಂತೆ ಕೂಗಿದ. ಕೂಗಿ, ಬಣ್ಣದ ಡಬ್ಬಿ ತರಲು ಮನೆಯ ಕಡೆ ಹೊರಟ. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಅನ್ನಿಸಿತು.

ಅಕ್ಕ ದೋಣಿಯೊಳಗೆ ಬಂದು ಬಗ್ಗಿದಳು. ತೂತಿನಲ್ಲಿ ಎರಡು ಬೆರಳು ಇಳಿಸಿದಳು. ಅಂಚನ್ನು ಚಿವುಟಿದರೆ ಹಪ್ಪಳದಂತೆ ಮುರಿದು ಬಂತು.

"ಇದು ನಾ ದಿನಾ ಕುಂದರೂ ಜಾಗ," ಎಂದಳು.

ಗಂಡನನ್ನು ಕರೆಯಲಿಲ್ಲ. ಬುತ್ತಿ ತಲೆಯ ಮೇಲಿಟ್ಟುಕೊಂಡು ಸೇತುವೆಯ ಸುತ್ತುದಾರಿ ಹಿಡಿದಳು. ಹದಿನಾಲ್ಕು ಜನರೂ ಅವಳ ಹಿಂದೆ ನಡೆದರು.