ನಾರ್ಮಲ್ ಯಾವೂರ ಕಡೇದು?

ಗುಬ್ಬಿಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಹೊಸ ಪದ ಬಂದರೆ ಅರ್ಥಕ್ಕೆ ಕೈ ಹಾಕುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು ವಿಚಾರಿಸುವ ಹಾಗೆ ಮೊದಲು, "ಇದು ಯಾವೂರ ಕಡೇದು?" ಅನ್ನೋರು. 'ನಾರ್ಮಲ್' ಲ್ಯಾಟಿನ್ ಸೀಮೆಯದಂತೆ. ಬಡಗಿಯ ಮೂಲೆಮಟ್ಟಕ್ಕೆ ಅಲ್ಲಿ 'ನಾರ್ಮ' ಅನ್ನೋರಂತೆ. ಆ ಮಟ್ಟಕ್ಕೆ ಸರಿಯಾಗಿ ಕೂತದ್ದು ನಾರ್ಮಲ್. ಮಾಮೂಲಿ ಅನ್ನುವ ಅರ್ಥ ಬಂದದ್ದು ಆಮೇಲೆ. ಹಾಗಂತ ಡೆಸ್ಕಿನ ಮೂಲೆಯನ್ನು ಎರಡು ಬೆರಳಲ್ಲಿ ತಟ್ಟಿ ತೋರಿಸಿದ್ದರು.

ಹೋದ ವರ್ಷ ಅವರ ಹೆಂಡತಿ ತಲೆ ಸುತ್ತಿ ಬಿದ್ದರು. ಇಬ್ಬರನ್ನೂ ನನ್ನ ಕಾರಲ್ಲೇ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದೆ. ಅಮ್ಮನವರನ್ನು ಸ್ಕ್ಯಾನಿಂಗಿಗೆ ಒಳಗೆ ಕರೆದುಕೊಂಡರು. ಹೊರಗೆ ಗೋಡೆ ತುಂಬ ಇಂಗ್ಲಿಷ್ ಬೋರ್ಡುಗಳು. ಮೇಷ್ಟ್ರು ಒಂದು ಪದದ ಊರನ್ನೂ ಕೇಳಲಿಲ್ಲ. ನನಗೆ ಅದನ್ನು ಕಂಡೇ ಹೆದರಿಕೆಯಾಯಿತು.

ಕೊನೆಗೆ ಡಾಕ್ಟರಮ್ಮ ಬಂದು, "ಎಲ್ಲಾ ನಾರ್ಮಲ್, ಸುಸ್ತಷ್ಟೆ. ಮನೆಗೆ ಕರ್ಕೊಂಡ್ಹೋಗಿ" ಅಂದರು.

ಮೇಷ್ಟ್ರು ಬೆಂಚಿನ ಮೂಲೆಯನ್ನು ಹಿಡಿದು ಮೆಲ್ಲಗೆ ಕೂತರು. ಅವರನ್ನು ನಗಿಸೋಣ ಅಂತ ನಾನು, "ಸಾ, ಈ ನಾರ್ಮಲ್ಲು ಯಾವೂರ ಕಡೇದು?" ಅಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಲ್ಲಿ ಒರೆಸಿಕೊಂಡರು.

"ಯಾವೂರದ್ದಾದ್ರೂ ಆಗ್ಲಿ ಬುಡೋ," ಅಂದರು. "ನಮ್ಮನೆಗೆ ಬಂತಲ್ಲ."