ಇಪ್ಪತ್ತೇಳು ಡಿಗ್ರಿ ಎಂದು ಬರೆದ ಚಳಿಗಾಲ

ಕೊರೋನಾ ಮುಗಿದ ಮೇಲಿನ ಮೊದಲ ಚಳಿಗಾಲ. ನಾನಾಗ ಗ್ರೇಟರ್ ನೋಯ್ಡಾದ ಒಂದು ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ. ನಿವೃತ್ತಿಗೆ ಎರಡು ವರ್ಷ ಬಾಕಿ. ದೆಹಲಿಯ ಪೀತಮ್‌ಪುರದ ಮನೆಯಿಂದ ಹೋಗಿ ಬರುವುದರಲ್ಲೇ ದಿನಕ್ಕೆ ಮೂರೂವರೆ ಗಂಟೆ ಕಳೆದುಹೋಗುತ್ತಿತ್ತು. ಆದರೂ ಆ ಲ್ಯಾಬಿನ ಒದ್ದೆ ಸಿಮೆಂಟಿನ ವಾಸನೆ, ಟೆಕ್ನಿಷಿಯನ್ ಓಂಪ್ರಕಾಶ್ ಮಾಡುತ್ತಿದ್ದ ಶುಂಠಿ ಚಹಾ ನೆನಪಾದರೆ ಇಂದಿಗೂ ಅಲ್ಲಿಗೆ ಓಡಿಹೋಗೋಣ ಅನ್ನಿಸುತ್ತದೆ.

ವಿಭಾಗಕ್ಕೊಂದು ನಾಲ್ಕು ಪುಟಗಳ ಇಂಗ್ಲಿಷ್ ಸುದ್ದಿಪತ್ರವಿತ್ತು. ಅದರ ಸಂಪಾದಕನೂ ನಾನೇ. ಯಾರು ಪಿಎಚ್‌ಡಿ ಮುಗಿಸಿದರು, ಯಾವ ಯಂತ್ರ ಬಂತು, ಯಾರು ಯಾವ ಸೆಮಿನಾರಿಗೆ ಹೋದರು ಎಂಬ ಸಪ್ಪೆ ಸುದ್ದಿಗಳಿಗೆ ತಲೆಬರಹ ಕೊಡುವುದರಲ್ಲಿ ನನಗೆ ವಿಪರೀತ ಹುಚ್ಚು. ಪಾಠದ ತಯಾರಿ ಬಿಟ್ಟೀರಿ, ತಲೆಬರಹ ಮಾತ್ರ ಬಿಡಲ್ಲ ನೀವು ಎಂದು ಹೆಂಡತಿ ಛೇಡಿಸುತ್ತಿದ್ದಳು.

ಆ ಜನವರಿಯಲ್ಲಿ ಹತ್ತಿರದ ಅಪಾರ್ಟ್‌ಮೆಂಟ್ ಕಾಮಗಾರಿಯೊಂದರ ಕಾಂಕ್ರೀಟ್ ಕ್ಯೂಬ್‌ಗಳ ಪರೀಕ್ಷೆ ಮುಗಿಯಿತು. ಸೈಟಿನಲ್ಲಿ ಸ್ಲ್ಯಾಬ್ ಹಾಕುವಾಗ ಅದೇ ಕಾಂಕ್ರೀಟನ್ನು ಅಚ್ಚಿನಲ್ಲಿ ತುಂಬಿ ಕ್ಯೂಬ್ ಮಾಡುತ್ತಾರೆ. ಅವು ಇಪ್ಪತ್ತೆಂಟು ದಿನ ನಮ್ಮ ಲ್ಯಾಬಿನ ನೀರಿನ ಟ್ಯಾಂಕಿನಲ್ಲಿ ಮುಳುಗಿದ್ದು ಗಟ್ಟಿಯಾಗಬೇಕು. ಆಮೇಲೆ ಯಂತ್ರಕ್ಕಿಟ್ಟು ಒಡೆದು ಬಲ ಅಳೆಯುತ್ತೇವೆ. ಚದರ ಮಿಲಿಮೀಟರಿಗೆ ಇಪ್ಪತ್ತೈದು ನ್ಯೂಟನ್ ತಾಳಬೇಕಿದ್ದ ಆ ಕ್ಯೂಬ್‌ಗಳು ಇಪ್ಪತ್ತೊಂದಕ್ಕೇ ಒಡೆದವು. ವರದಿಗೆ ಸಹಿ ಹಾಕಿದೆ. ಮರುದಿನವೇ ಸುದ್ದಿಪತ್ರದ ಮೊದಲ ಪುಟದಲ್ಲಿ ದಪ್ಪಕ್ಷರದ ತಲೆಬರಹ ಹೋಯಿತು: ಕಳಪೆ ಕಾಂಕ್ರೀಟ್ ಪತ್ತೆ ಹಚ್ಚಿದ ನಮ್ಮ ಲ್ಯಾಬ್! ಸೈಟಿನ ಹೆಸರನ್ನೂ ಬಿಡಲಿಲ್ಲ.

ನಾಲ್ಕನೇ ದಿನ ಒಬ್ಬ ಹುಡುಗಿ ಹೆಲ್ಮೆಟ್ ಹಿಡಿದುಕೊಂಡೇ ನನ್ನ ಕೋಣೆಗೆ ಬಂದಳು. ಬಾಗಿಲ ಮೇಲಿನ ನನ್ನ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿದಳು. ಹೆಸರು ನಸೀಮಾ, ದಾವಣಗೆರೆಯವಳು, ಆ ಸೈಟಿನ ಎಂಜಿನಿಯರ್. ಶನಿವಾರದೊಳಗೆ ಕೆಲಸ ಬಿಟ್ಟು ಹೋಗಬೇಕೆಂದು ಕಂಪನಿ ಹೇಳಿತ್ತು.

"ಸರ್, ಆ ಸ್ಲ್ಯಾಬ್ ಹಾಕುವಾಗ ಬೆಳಗಿಂದ ನಾನೇ ಎದುರಿಗೆ ನಿಂತಿದ್ದೆ. ಅದು ಕಳಪೆ ಅಲ್ಲ. ಒಂದ್ಸಲ ನಿಮ್ಮ ಟ್ಯಾಂಕ್ ತೋರಿಸ್ತೀರಾ?"

ಟ್ಯಾಂಕಿನ ನೀರು ಇಪ್ಪತ್ತೇಳು ಡಿಗ್ರಿಯಲ್ಲೇ ಇರಬೇಕು. ತಣ್ಣಗಾದರೆ ಕಾಂಕ್ರೀಟ್ ಬಲಗೊಳ್ಳುವುದು ನಿಧಾನ. ಅವಳನ್ನು ಲ್ಯಾಬಿಗೆ ಕರೆದೊಯ್ದು ನಾನು ಗತ್ತಿನಿಂದ ತಾಪಮಾನದ ರಿಜಿಸ್ಟರ್ ತೆರೆದು ತೋರಿಸಿದೆ. ಡಿಸೆಂಬರ್ ಉದ್ದಕ್ಕೂ ಇಪ್ಪತ್ತೇಳು, ಇಪ್ಪತ್ತೇಳು, ಇಪ್ಪತ್ತೇಳು. ಪ್ರತಿ ಪುಟದ ಕೆಳಗೆ ನನ್ನ ಸಹಿ. ಅವಳು ಪುಟ ನೋಡಲಿಲ್ಲ. ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿದಳು.

"ಸರ್, ಇದು ಇಪ್ಪತ್ತೇಳಾ?"

ನಾನೂ ಕೈ ಇಳಿಸಿದೆ. ಮೂಳೆ ಕೊರೆಯುವ ಚಳಿ. ಥರ್ಮಾಮೀಟರ್ ಹತ್ತು ತೋರಿಸಿತು.

ಓಂಪ್ರಕಾಶ್ ತಲೆ ತಗ್ಗಿಸಿ ನಿಂತಿದ್ದ. "ಸರ್ ಜೀ, ಹೀಟರ್ ಸುಟ್ಟುಹೋದ ದಿನವೇ ಚೀಟಿ ಬರೆದು ನಿಮ್ಮ ಮೇಜಿನ ಮೇಲಿಟ್ಟಿದ್ದೆ. ರಿಜಿಸ್ಟರಿನಲ್ಲಿ ಮಾತ್ರ ರೂಢಿಯಂತೆ ಬರೆದುಬಿಟ್ಟೆ." ಕೋಣೆಗೆ ಬಂದು ಹುಡುಕಿದೆ. ಸುದ್ದಿಪತ್ರದ ಕರಡುಗಳ ಅಡಿಯಲ್ಲಿ ಆ ಚೀಟಿ ಹಾಗೇ ಬಿದ್ದಿತ್ತು. ಹೊಸ ಹೀಟರಿಗೆ ಬೇಕಿದ್ದದ್ದು ನನ್ನದೊಂದು ಸಹಿ.

ಅಂದೇ ಅವಳ ಕಂಪನಿಗೆ ಫೋನ್ ಮಾಡಿ ಶನಿವಾರದ ಗಡುವನ್ನು ತಡೆಸಿದೆ. ಸ್ಲ್ಯಾಬಿನಿಂದಲೇ ಮೂರು ಕೋರ್, ಅಂದರೆ ಸಿಲಿಂಡರ್ ಆಕಾರದ ತುಂಡುಗಳನ್ನು ಕೊರೆದು ತೆಗೆಸಿ ಪರೀಕ್ಷಿಸಿದೆವು. ಮೂರೂ ಪಾಸಾದವು.

ತಪ್ಪನ್ನು ಸುದ್ದಿಪತ್ರದಲ್ಲೂ ಒಪ್ಪಿಕೊಳ್ಳಲೇ ಎಂದು ಕೇಳಲು ಡೀನ್ ಬಳಿ ಹೋದೆ. ವಿಭಾಗಕ್ಕೆ ಮಾನ್ಯತೆ ಕೊಡುವ ತಂಡ ಮುಂದಿನ ವಾರ ಬರುವುದಿತ್ತು. "ಅರೆ ಪ್ರೊಫೆಸರ್ ಸಾಬ್, ವರದಿ ವಾಪಸ್ ತಗೊಳ್ಳಿ, ಸಾಕು. ಇದನ್ನೆಲ್ಲ ಯಾರಾದ್ರೂ ಛಾಪಿಸ್ತಾರಾ?" ಎಂದರು. ಅವರ ಮಾತು ನನಗೂ ಹಿತವಾಗಿಯೇ ಕೇಳಿಸಿತು, ಸುಳ್ಳು ಹೇಳುವುದಿಲ್ಲ. ಹೊರಗೆ ಕಾಯುತ್ತಿದ್ದ ನಸೀಮಾಗೆ, ವರದಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದೆ.

"ಥ್ಯಾಂಕ್ಸ್ ಸರ್. ಆದ್ರೆ ಆ ಸುದ್ದಿ ಎಲ್ಲರೂ ಓದಿದ್ದಾರೆ. ನಾಳೆ ನಾನು ಎಲ್ಲಿ ಕೆಲಸ ಕೇಳಿದ್ರೂ, ಆ ಕಳಪೆ ಸ್ಲ್ಯಾಬಿನವಳು ಅಂತಾರೆ."

ಡೀನ್ ಮಾತನ್ನು ಬದಿಗಿಟ್ಟೆ. ವಿಶೇಷ ಸಂಚಿಕೆ ತಂದೆ. ಅದೇ ಪುಟ, ಅದೇ ದಪ್ಪಕ್ಷರ: ಕಾಂಕ್ರೀಟ್ ಸರಿಯಿತ್ತು, ತಪ್ಪು ನಮ್ಮದು. ಹೀಟರ್, ಚೀಟಿ, ರಿಜಿಸ್ಟರ್, ನನ್ನ ಸಹಿ ಎಲ್ಲವನ್ನೂ ಬರೆದೆ. ಓಂಪ್ರಕಾಶನ ಹೆಸರು ಹಾಕಲಿಲ್ಲ. ರಿಜಿಸ್ಟರಿನ ಪುಟದ ಕೆಳಗಿದ್ದದ್ದು ನನ್ನ ಸಹಿ ತಾನೆ. ಮಾನ್ಯತೆಯ ತಂಡ ಅದನ್ನು ಓದಿ ಲ್ಯಾಬಿನ ಅಂಕ ಕಡಿಮೆ ಮಾಡಿತು, ಡೀನ್ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ನಸೀಮಾ ಕೆಲಸದಲ್ಲಿ ಉಳಿದಳು. ಸಂಚಿಕೆಯ ಹತ್ತು ಪ್ರತಿ ಕೇಳಿ ಪಡೆದುಕೊಂಡು ಹೋದಳು.

ಈಗ ಸುದ್ದಿಪತ್ರ ಮೊಬೈಲಿಗೇ ಬರುತ್ತದೆ. ಬಾಲ್ಕನಿಯ ಬಿಸಿಲಲ್ಲಿ ಕೂತು ಹಳೆಯ ಮುಖಗಳನ್ನು ಹುಡುಕುತ್ತೇನೆ. ಕಳೆದ ತಿಂಗಳ ಸಂಚಿಕೆಯಲ್ಲಿ ಹೊಸ ವಿದ್ಯಾರ್ಥಿಗಳ ಲ್ಯಾಬ್ ಭೇಟಿಯ ಚಿತ್ರವಿತ್ತು. ಅತಿಥಿ ಎಂಜಿನಿಯರ್ ನಸೀಮಾ, ಪಕ್ಕದಲ್ಲಿ ತಲೆ ನರೆತ ಓಂಪ್ರಕಾಶ್. ಮಕ್ಕಳೆಲ್ಲ ತೋಳು ಮಡಚಿ ಟ್ಯಾಂಕಿನೊಳಗೆ ಕೈ ಇಳಿಸಿದ್ದರು. ರಿಜಿಸ್ಟರ್ ಇನ್ನೂ ಮುಚ್ಚಿಯೇ ಇತ್ತು. ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಕ್ರಮವನ್ನು ಒಬ್ಬ ಹುಡುಗಿಯಿಂದ ಕಲಿತೆ: ಮೊದಲು ನೀರು, ಆಮೇಲೆ ಸಹಿ.